ಅಳತೆ ತೆಗೆಯದೆ ಕುರ್ಚಿ ದಾನ ಮಾಡಬೇಡಿ

ಕಳೆದ ಸೋಮವಾರ ಒಂದು ಪುಟ್ಟ ಹಲಸಿನ ಕುರ್ಚಿ ನಮ್ಮ ಮನೆಯ ಚಾವಡಿಗೆ ಮರಳಿ ಬಂತು. ಎರಡು ವರ್ಷಗಳ ಹಿಂದೆ ಅದನ್ನು ನಾನೇ ಮಾಡಿ, ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪ ಭಿನ್ನಸಾಮರ್ಥ್ಯದ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಒಂದು ಸೇವಾಕೇಂದ್ರಕ್ಕೆ ಕೊಟ್ಟಿದ್ದೆ. ಅದರಲ್ಲಿ ಕುಳಿತುಕೊಳ್ಳುತ್ತಿದ್ದ ಹುಡುಗ ಬೆಳೆದಿದ್ದಾನೆ. ಪಾದ ಊರುವ ಹಲಗೆ ಈಗ ಅವನಿಗೆ ತೀರಾ ಮೇಲಾಯಿತು. ಮೊಣಕಾಲು ಎತ್ತಿಕೊಂಡು ಬೆನ್ನು ಮುಂದಕ್ಕೆ ಬಾಗುತ್ತದೆ. ಕೇಂದ್ರದವರು ಕುರ್ಚಿಯನ್ನು ಮೂಲೆಗೆ ಸರಿಸದೆ ನನಗೆ ಫೋನು ಮಾಡಿ, ಇದನ್ನು ಸರಿಪಡಿಸಿಕೊಡಲು ಆಗುತ್ತದೆಯೇ ಎಂದು ಕೇಳಿದರು. ನನಗೆ ಅದರಿಂದ ಆದ ಸಂತೋಷವನ್ನು ಹೇಳಬೇಕಾದರೆ, ಏಳು ವರ್ಷಗಳ ಹಿಂದೆ ಅದೇ ಕೇಂದ್ರಕ್ಕೆ ನಾನು ಕೊಟ್ಟಿದ್ದ ಮೊದಲ ವಸ್ತುವಿನ ಕಥೆಯನ್ನೂ ಹೇಳಲೇಬೇಕು.

ಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ನೆರೆಮನೆಯ ಆಚಾರಿಯವರ ಬಳಿ ಮರಗೆಲಸ ಕಲಿಯಲು ಕುಳಿತವನು ನಾನು. ಕೈ ಸ್ವಲ್ಪ ಪಳಗಿದ ಕೂಡಲೇ, ಸಮಾಜಕ್ಕೆ ಏನಾದರೂ ಕೊಡಬೇಕೆಂಬ ಹಂಬಲದಿಂದ, ಎರಡು ತಿಂಗಳು ದುಡಿದು ತೇಗದ ಒಂದು ದೊಡ್ಡ ಆರಾಮ ಕುರ್ಚಿಯನ್ನು ಮಾಡಿದೆ. ಒರಗುವ ಹಲಗೆಯಲ್ಲಿ ಬಳ್ಳಿಯ ಕೆತ್ತನೆಯಿತ್ತು, ಕೈಗಳಿಗೆ ಹೊಳೆಯುವ ಪಾಲಿಶ್ ಇತ್ತು. ಜೀಪಿನಲ್ಲಿ ಹೇರಿಕೊಂಡು ಹೋಗಿ ಕೊಟ್ಟಾಗ ಶಾಲು ಹೊದೆಸಿದರು, ಫೋಟೋ ತೆಗೆದರು. ಆರು ತಿಂಗಳು ಕಳೆದು ಬೇರೆ ಕೆಲಸಕ್ಕೆಂದು ಅಲ್ಲಿಗೆ ಹೋದಾಗ, ಆ ಕುರ್ಚಿ ಕಚೇರಿಯ ಕೋಣೆಯಲ್ಲಿತ್ತು; ಅದರ ಮೇಲೆ ಹಾಜರಿ ಪುಸ್ತಕಗಳು, ಒಂದು ಕಟ್ಟು ಹಳೆಯ ಕಡತಗಳು. ಅಲ್ಲಿನ ಮಕ್ಕಳಲ್ಲಿ ಒಬ್ಬರಿಗೂ ಅದರಲ್ಲಿ ಕುಳಿತುಕೊಳ್ಳಲು ಸಾಧ್ಯವಿರಲಿಲ್ಲ. ಆಸನ ಬಹಳ ಆಳ, ಕಾಲು ನೆಲಕ್ಕೆ ತಾಗುವುದಿಲ್ಲ, ಪಕ್ಕಕ್ಕೆ ವಾಲಿದರೆ ಹಿಡಿದು ನಿಲ್ಲಿಸುವುದಕ್ಕೆ ಏನೂ ಇಲ್ಲ. ಅದನ್ನು ಎತ್ತಿಡಲು ಇಬ್ಬರು ಬೇಕು, ಅಲ್ಲಿದ್ದವರು ಇಬ್ಬರೇ ಸಹಾಯಕಿಯರು, ಅವರ ಕೈತುಂಬ ಮಕ್ಕಳು. ಅವರು ಒಂದು ಮಾತೂ ಆಡಲಿಲ್ಲ. ದಾನವಾಗಿ ಬಂದದ್ದನ್ನು ಬೇಡವೆನ್ನಲು ಅಂತಹ ಸಂಸ್ಥೆಗಳಿಗೆ ಬಾಯಿ ಬರುವುದಿಲ್ಲ ಎಂಬುದು ನನಗೆ ಅಂದು ಅರ್ಥವಾಯಿತು.

ಮನೆಗೆ ಬಂದು ಆಚಾರಿಯವರಲ್ಲಿ ಇದನ್ನು ಹೇಳಿಕೊಂಡೆ. ಅವರು ಕೀಸುಳಿಯನ್ನು ಕೆಳಗಿಟ್ಟು, “ಅದರಲ್ಲಿ ಕೂತುಕೊಳ್ಳುವುದು ಯಾರು ಮಾಷ್ಟ್ರೇ?” ಎಂದು ಮಾತ್ರ ಕೇಳಿದರು. ಯಾರ ಮನೆಗೆ ಯಾವ ಕೆಲಸ ಹಿಡಿದರೂ ಅವರು ಕೇಳುವ ಮೊದಲ ಪ್ರಶ್ನೆ ಅದೇ ಆಗಿತ್ತು; ದುಡ್ಡು ಕೊಡುವವನಿಗೆ ಕೇಳುವ ಆ ಪ್ರಶ್ನೆಯನ್ನು ದುಡ್ಡಿಲ್ಲದೆ ಪಡೆಯುವವನಿಗೆ ನಾನು ಕೇಳಿರಲಿಲ್ಲ.

ಈ ಹಲಸಿನ ಕುರ್ಚಿಗಾಗಿ ಹೋದದ್ದು ಅಳತೆಯ ಟೇಪು ಮತ್ತು ನೋಟ್‌ಬುಕ್ಕಿನೊಂದಿಗೆ. ವಾರಕ್ಕೊಮ್ಮೆ ಬರುವ ಫಿಸಿಯೋಥೆರಪಿಸ್ಟ್ ಇರುವ ದಿನವನ್ನೇ ಆರಿಸಿಕೊಂಡೆ. ಏಕೆಂದರೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಮೈಯ ಚಲನೆಯ ಹಿಡಿತ ತಪ್ಪುವ ಸ್ಥಿತಿ) ಇರುವ ಮಗುವಿನ ಬೆನ್ನು ಎಲ್ಲಿ ಆಧಾರ ಕೇಳುತ್ತದೆ, ಎಲ್ಲಿ ಆಧಾರ ಕೊಟ್ಟರೆ ಕೆಡುಕಾಗುತ್ತದೆ ಎಂಬುದನ್ನು ಬಡಗಿ ಊಹಿಸಿ ಹೇಳುವಂತಿಲ್ಲ. ಆ ಹುಡುಗನಿಗೆ ಆಗ ಹನ್ನೊಂದು ವರ್ಷ, ಮೈ ಮಾತ್ರ ಆರರ ಹರೆಯದ್ದು. ಸೊಂಟದ ಹಿಂಬದಿಯಿಂದ ಮೊಣಕಾಲಿನ ಹಿಂದಿನ ಮಡಿಕೆಯವರೆಗೆ 31 ಸೆಂಟಿಮೀಟರ್. ಆದ್ದರಿಂದ ಆಸನದ ಆಳ 28 ಸಾಕು, ಹೆಚ್ಚಾದರೆ ಅಂಚು ಮೊಣಕಾಲಿನ ಹಿಂದೆ ಒತ್ತಿ, ಅದನ್ನು ತಪ್ಪಿಸಿಕೊಳ್ಳಲು ಮಗು ಮುಂದಕ್ಕೆ ಜಾರುತ್ತದೆ. ಮೊಣಕಾಲಿನಿಂದ ಅಂಗಾಲಿಗೆ 27. ಸೊಂಟದ ಅಗಲ 24. ಆಸನದಿಂದ ಕಂಕುಳಿನ ಎತ್ತರವನ್ನೂ ಬರೆದುಕೊಂಡೆ, ಪಕ್ಕದ ಆಧಾರದ ಹಲಗೆಗಳು ಅದಕ್ಕಿಂತ ಕೆಳಗೆ ನಿಲ್ಲಬೇಕಲ್ಲ. ಸೊಂಟ, ಮೊಣಕಾಲು, ಹರಡು ಈ ಮೂರೂ ಹೆಚ್ಚುಕಡಿಮೆ ಲಂಬಕೋನದಲ್ಲಿ ಮಡಚಿ, ಪಾದ ಪೂರ್ತಿಯಾಗಿ ಒಂದು ಹಲಗೆಯ ಮೇಲೆ ಊರಿದಾಗ ಮಾತ್ರ ಅಂತಹ ಮಗುವಿಗೆ ಕೈಗಳನ್ನು ಬಳಸುವ ಸ್ವಾತಂತ್ರ್ಯ ಸಿಗುತ್ತದೆ ಎಂದು ಫಿಸಿಯೋಥೆರಪಿಸ್ಟ್ ವಿವರಿಸಿದರು. ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಹೋಗದಿರಲು ಆಸನದ ಮುಂಭಾಗದಲ್ಲಿ, ಮೊಣಕಾಲುಗಳ ನಡುವೆ, ಬಟ್ಟೆ ಸುತ್ತಿದ ಒಂದು ಉರುಟು ಗೂಟ ಬೇಕೆಂದೂ ಹೇಳಿದರು.

ಹುಡುಗನ ತಾಯಿ ಬದಿಯಲ್ಲಿಯೇ ನಿಂತಿದ್ದರು. ನಾವು ಕೇಳದಿದ್ದ ಸಂಗತಿಯನ್ನು ಅವರು ತುಳುವಿನಲ್ಲಿ ಹೇಳಿದರು: ಮಲಗಿಸಿಕೊಂಡು ಗಂಜಿ ಕುಡಿಸುವಾಗ ಅವನಿಗೆ ನೆತ್ತಿಗೆ ಹತ್ತುತ್ತದೆ, ಒಂದು ಊಟಕ್ಕೆ ಒಂದು ಗಂಟೆ ಹಿಡಿಯುತ್ತದೆ, ಕೂತು ಉಣ್ಣುವ ಹಾಗೆ ಆದರೆ ತನಗೆ ಒಂದು ಕೈ ಬಿಡುವಾಗುತ್ತದೆ. ಮಲಗಿದ ಮಗುವಿನ ಶ್ವಾಸನಾಳಕ್ಕೆ ಆಹಾರ ಇಳಿಯುವುದು ಸಣ್ಣ ತೊಂದರೆಯಲ್ಲ. ನ್ಯುಮೋನಿಯಾಕ್ಕೆ ಅದು ದಾರಿ ಮಾಡಿಕೊಡುತ್ತದೆ. ಹಾಗಾಗಿ ಕುರ್ಚಿಗೆ ಒಂದು ಊಟದ ಹಲಗೆಯೂ ಸೇರಿತು. ಬಟ್ಟಲು ಜಾರಿ ಬೀಳದಂತೆ ಸುತ್ತಲೂ ಅರ್ಧ ಅಂಗುಲದ ಏರು, ತೊಳೆಯಲು ಬರುವಂತೆ ಕಳಚಿ ತೆಗೆಯುವ ವ್ಯವಸ್ಥೆ. ನನ್ನ ತೇಗದ ಕುರ್ಚಿಯ ಬಳ್ಳಿಯ ಕೆತ್ತನೆಗಿಂತ ಆ ಅರ್ಧ ಅಂಗುಲದ ಏರನ್ನು ಕೂರಿಸುವುದರಲ್ಲಿ ನನಗೆ ಹೆಚ್ಚು ಕುಶಲತೆ ಬೇಕಾಯಿತು.

ಇಂತಹ ಮಕ್ಕಳ ವಿಷಯವನ್ನು ಈ ನೆಲದಲ್ಲಿ ನಿಂತು ಮಾತಾಡುವಾಗ ಇನ್ನೊಂದನ್ನು ಬಿಟ್ಟು ಮುಂದುವರಿಯುವಂತಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಎಣ್ಮಕಜೆ, ಬೆಳ್ಳೂರು, ಮುಳಿಯಾರು ಮುಂತಾದ ಗ್ರಾಮಗಳ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ನಿಷೇಧಿಸಿದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿದ್ದು 2017ರ ಜನವರಿಯಲ್ಲಿ. ಯಾವ ಮಗುವಿನ ಸ್ಥಿತಿಗೆ ಯಾವುದು ಕಾರಣವೆಂದು ಹೇಳುವುದು ವೈದ್ಯರ ಕೆಲಸ, ನನ್ನದಲ್ಲ. ಆದರೆ ಪರಿಹಾರದ ಹಣ ಬಂದ ಮನೆಯಲ್ಲಿಯೂ ಮಗು ಬೆಳಗಿನಿಂದ ಸಂಜೆಯವರೆಗೆ ಚಾಪೆಯ ಮೇಲೆಯೇ ಇರುವುದನ್ನು ನಾನು ಕಂಡಿದ್ದೇನೆ. ಪಂಚಾಯತುಗಳು ಕೇರಳದ ಮಹಿಳಾ ಸಂಘಗಳ ಜಾಲವಾದ ಕುಟುಂಬಶ್ರೀಯ ಜತೆಗೂಡಿ ಇಂತಹ ಮಕ್ಕಳಿಗಾಗಿ ನಡೆಸುವ ಬಡ್ಸ್ ಶಾಲೆಗಳಿವೆ, ಹಾಸಿಗೆ ಹಿಡಿದವರನ್ನು ಆರೈಕೆ ಮಾಡುವ ಪಾಲಿಯೇಟಿವ್ ಘಟಕಗಳಿವೆ, ಊರವರು ಸೇರಿ ನಡೆಸುವ ಸಣ್ಣ ಕೇಂದ್ರಗಳಿವೆ. ಇವುಗಳಿಗೆ ಅಕ್ಕಿ, ಬಟ್ಟೆ, ಪಾತ್ರೆ ಕೊಡುವವರು ಇದ್ದಾರೆ; ಒಂದೊಂದು ಮೈಯ ಅಳತೆಗೆ ತಕ್ಕ ಆಸನ ಮಾಡಿಕೊಡುವವರು ವಿರಳ.

ಹಣವನ್ನೇ ಕೊಡಬಾರದೇಕೆ, ಪ್ಲಾಸ್ಟಿಕ್ ಕುರ್ಚಿ ಅಗ್ಗವಲ್ಲವೇ ಎಂದು ಕೆಲವರು ಕೇಳುತ್ತಾರೆ. ಖಂಡಿತ ಹಣ ಕೊಡಿ, ಸಂಬಳ ಮತ್ತು ಔಷಧಿಗೆ ಹಣವೇ ಬೇಕು. ಆದಾಯ ತೆರಿಗೆಯಲ್ಲಿ ದಾನಕ್ಕೆ ಸಿಗುವ ವಿನಾಯಿತಿಯ ಲೆಕ್ಕದಲ್ಲಿಯೂ ವಸ್ತುರೂಪದ ದಾನ ಬರುವುದಿಲ್ಲ. ಎರಡು ಸಾವಿರ ರೂಪಾಯಿ ಮೀರಿದ ನಗದು ಕೂಡ ಬರುವುದಿಲ್ಲ, ಚೆಕ್ ಅಥವಾ ಬ್ಯಾಂಕಿನ ಮೂಲಕವೇ ಕೊಡಬೇಕು. ಬಂದವರು ಕೂರಲು ಪ್ಲಾಸ್ಟಿಕ್ ಕುರ್ಚಿ ಧಾರಾಳ ಸಾಕು. ಆದರೆ ಕೂರಲು ಬಾರದ ಮಗುವಿಗಾಗಿ ಕಾರ್ಖಾನೆಯಲ್ಲಿ ತಯಾರಾದ ವಿಶೇಷ ಆಸನ ದುಬಾರಿ, ಅದರ ಒಂದು ಬಿಡಿಭಾಗ ಮುರಿದರೆ ಇಲ್ಲಿ ಸಿಗುವುದೂ ಕಷ್ಟ. ಮರದ ಗುಣ ಬೇರೆ: ಕೊರೆಯಬಹುದು, ಸೇರಿಸಬಹುದು, ಇಳಿಸಬಹುದು, ಮತ್ತು ಈ ಕೆಲಸ ಬಲ್ಲವರು ಬದಿಯಡ್ಕ, ಮುಳ್ಳೇರಿಯ, ಸೀತಾಂಗೋಳಿ, ಎಲ್ಲ ಪೇಟೆಗಳಲ್ಲಿಯೂ ಸಿಗುತ್ತಾರೆ. ಪಾದದ ಹಲಗೆಗೆ ಮೊಳೆ ಹೊಡೆಯದೆ, ಒಂದೊಂದು ಅಂಗುಲಕ್ಕೆ ತೂತು ಕೊರೆದು ಬೋಲ್ಟು ಹಾಕಿದ್ದರಿಂದಲೇ ನನಗಿಂದು ಆ ಹಲಗೆಯನ್ನು ಅರ್ಧ ದಿನದಲ್ಲಿ ಇಳಿಸಲು ಸಾಧ್ಯವಾಗಿದೆ.

ಮರದ ಆಯ್ಕೆಯಲ್ಲಿಯೂ ಕಾಳಜಿ ಬೇಕು. ವರ್ಷಕ್ಕೆ ಸುಮಾರು 3500 ಮಿಲ್ಲಿಮೀಟರ್ ಮಳೆ ಬೀಳುವ ನಾಡು ನಮ್ಮದು. ಏಪ್ರಿಲಿನ ಬಿಸಿಲಿನಲ್ಲಿ ಬಿಗಿಯಾಗಿ ಕೂರಿಸಿದ ಹಲಗೆ ಮಳೆಗಾಲದ ಆಟಿ ತಿಂಗಳಲ್ಲಿ ಅಗಲಕ್ಕೆ ಉಬ್ಬಿ ಬಿರಿಯುತ್ತದೆ. ಉದ್ದಕ್ಕೆ ಮರ ಅಷ್ಟು ಬದಲಾಗದು, ಬದಲಾಗುವುದೆಲ್ಲ ಅಡ್ಡಕ್ಕೆ. ಹಸಿ ಮರವನ್ನು ಗಾಳಿಯಲ್ಲಿ ಒಣಗಿಸಲು ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ಎಂಬುದು ಬಡಗಿಗಳ ಹಳೆಯ ಲೆಕ್ಕ. ನನ್ನ ಅದೃಷ್ಟಕ್ಕೆ, ನಮ್ಮ ತಂದೆಯ ಕಾಲದ ಮನೆಯನ್ನು ಬಿಚ್ಚಿದಾಗ ಅಟ್ಟದ ಹಲಸಿನ ಹಲಗೆಗಳು ಸಿಕ್ಕಿದ್ದವು. ಕೊಯ್ದಾಗ ಅರಸಿನದಂತೆ ಹಳದಿಯಿರುವ ಹಲಸಿನ ಚೇಗು, ಅಂದರೆ ಒಳಗಿನ ಗಟ್ಟಿ ಭಾಗ, ವರ್ಷಗಳು ಕಳೆದಂತೆ ಕಂದುಬಣ್ಣಕ್ಕೆ ತಿರುಗುತ್ತದೆ, ಗೆದ್ದಲು ಅದನ್ನು ಸುಲಭದಲ್ಲಿ ಮುಟ್ಟುವುದಿಲ್ಲ. ಕೇರಳ ಸರಕಾರ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿದಾಗ ಎಲ್ಲರೂ ಹಪ್ಪಳ, ಚಿಪ್ಸುಗಳ ಮಾತಾಡಿದರು; ಮರಕ್ಕೂ ಅದೇ ಮರ್ಯಾದೆ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಹೊರಗಿನ ಬಿಳಿಯ ಭಾಗವನ್ನು ಮಾತ್ರ ಕೊಯ್ದು ತೆಗೆಯಬೇಕು, ಕುಟ್ಟೆ ಹುಳು ಅಲ್ಲಿಂದಲೇ ಶುರುಮಾಡುತ್ತದೆ. ಹಳೆಯ ಹಲಗೆಯಾದರೆ ಒಳಗೆ ಮುರಿದು ಉಳಿದ ಮೊಳೆಗಳಿರುತ್ತವೆ, ಪ್ರತಿಯೊಂದನ್ನೂ ಹುಡುಕಿ ಕೀಳದೆ ಗರಗಸ ಇಡಬಾರದು.

ಬಣ್ಣದ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಕೆಲವು ಮಕ್ಕಳು ಕುರ್ಚಿಯ ಅಂಚನ್ನು ಕಚ್ಚುತ್ತಾರೆ, ಜೊಲ್ಲು ಸುರಿಯುತ್ತಿರುತ್ತದೆ. ಮನೆಯಲ್ಲಿ ಉಳಿದ ಹಳೆಯ ಪೇಂಟಿನ ಡಬ್ಬಿಯನ್ನು ಇಂತಹ ಕೆಲಸಕ್ಕೆ ದಯವಿಟ್ಟು ತೆರೆಯಬೇಡಿ. ಮನೆಬಳಕೆಯ ಪೇಂಟಿನಲ್ಲಿ ಸೀಸದ ಅಂಶ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಡಬ್ಬಿಯಲ್ಲಿ ಎಷ್ಟಿದೆಯೋ ಯಾರು ಬಲ್ಲರು? ಅರಗಿನ ಪಾಲಿಶ್ ಚೆಂದ, ಆದರೆ ನೀರು ಬಿದ್ದರೆ ಬೆಳ್ಳಗಾಗುತ್ತದೆ, ದಿನಕ್ಕೆರಡು ಬಾರಿ ಒರೆಸುವ ಕುರ್ಚಿಗೆ ಒಗ್ಗದು. ಇನ್ನು ನಮ್ಮ ಹಿರಿಯರು ಮಾಡಿನ (ಛಾವಣಿಯ) ಪಕ್ಕಾಸುಗಳಿಗೆ ಗೆದ್ದಲು ಬಾರದಂತೆ ಬಳಿಯುತ್ತಿದ್ದ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ. ಅದು ಮಾಡಿಗೆ ಒಳ್ಳೆಯದು, ಮೈಗೆ ತಾಗಿದರೆ ಬೊಕ್ಕೆ ಬರುತ್ತದೆ. ಗೇರುತೋಟದ ನೆರಳಿನಲ್ಲಿ ಹುಟ್ಟಿದ ಈ ಮಕ್ಕಳ ಕುರ್ಚಿಗೆ ಅದನ್ನು ಸೋಕಿಸಲು ನನಗೆ ಮನಸ್ಸೂ ಒಪ್ಪಲಿಲ್ಲ. ಸೀಸವಿಲ್ಲವೆಂದು ಡಬ್ಬಿಯ ಮೇಲೆ ಬರೆದಿರುವ, ನೀರಿನಲ್ಲಿ ಕರಗಿಸುವ ವಾರ್ನಿಷನ್ನು ಮೂರು ಬಾರಿ ತೆಳುವಾಗಿ ಬಳಿದು, ಪ್ರತಿ ಸಲ ಮರಳುಕಾಗದದಿಂದ ಉಜ್ಜಿ, ವಾಸನೆ ಪೂರ್ತಿ ಹೋಗುವ ತನಕ ಎರಡು ವಾರ ಚಾವಡಿಯಲ್ಲಿಯೇ ಇಟ್ಟುಕೊಂಡೆ.

ದಾನಿಯ ಹೆಸರು ಬರೆಯುವ ಪದ್ಧತಿಯ ಬಗ್ಗೆ ಒಂದು ಮಾತು. ದೇವಸ್ಥಾನದ ದೀಪಕ್ಕೆ, ಶಾಲೆಯ ಗಡಿಯಾರಕ್ಕೆ ಹೆಸರು ಬರೆಸುವುದು ರೂಢಿಯಾಗಿಬಿಟ್ಟಿದೆ, ಅದರ ಬಗ್ಗೆ ನಾನು ಜಗಳಕ್ಕೆ ಬರುವುದಿಲ್ಲ. ಒಂದು ಮಗು ದಿನವಿಡೀ ಬೆನ್ನು ಒರಗಿಸುವ ಹಲಗೆಯ ಮೇಲೆ ಬೇರೊಬ್ಬರ ಹೆಸರು ಇರಬಾರದು ಎಂದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬರೆಯಲೇಬೇಕಾದರೆ ಆಸನದ ಅಡಿಯಲ್ಲಿ ಅಳತೆ, ಮಾಡಿದ ತಿಂಗಳು, ಯಾವ ಬೋಲ್ಟನ್ನು ಯಾವಾಗ ಬಿಗಿಯಬೇಕು ಎಂಬುದನ್ನು ಬರೆಯಿರಿ. ನಾನು ಅದನ್ನು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬರೆದೆ, ಅಲ್ಲಿನ ಸಹಾಯಕಿಯರಲ್ಲಿ ಒಬ್ಬರು ಓದುವುದು ಕನ್ನಡ, ಇನ್ನೊಬ್ಬರು ಮಲಯಾಳ. ಕುರ್ಚಿಯಲ್ಲಿ ಮಗುವನ್ನು ಕೂರಿಸಿ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದನ್ನು ಈ ಸಲ ನಾನು ಒಪ್ಪಲಿಲ್ಲ.

ಹಾಸಿಗೆ ಹಿಡಿದ ಹಿರಿಯರಿಗೂ ಇದೇ ಮಾತು ಅನ್ವಯಿಸುತ್ತದೆ. ಅವರಿಗೆ ಬೇಕಾದದ್ದು ಸೋಫಾ ಅಲ್ಲ. ಮಂಚದ ಮೇಲೆ ಬೆನ್ನಿಗೆ ಇಡುವ, ಓರೆ ಹೆಚ್ಚುಕಡಿಮೆ ಮಾಡಬಹುದಾದ ಒರಗುಹಲಗೆ, ಸ್ನಾನಕ್ಕೆ ಜಾರದ ಸ್ಟೂಲು, ಮಂಚ ಎತ್ತರಿಸಲು ಅದರ ಕಾಲುಗಳ ಅಡಿಗೆ ಇಡುವ, ಕುಳಿ ಕೊರೆದ ಮರದ ಕಟ್ಟೆಗಳು. ಇವು ಯಾವ ಬಡಗಿಗಾದರೂ ಒಂದೆರಡು ದಿನದ ಕೆಲಸ. ಪಾಲಿಯೇಟಿವ್ ನರ್ಸ್ ಮನೆಮನೆಗೆ ಹೋಗುವ ದಿನ ಅವರ ಜತೆ ಒಮ್ಮೆ ಹೋಗಿ ಬಂದರೆ ಏನು ಮಾಡಬೇಕೆಂಬುದು ಕಣ್ಣಿಗೇ ಕಾಣುತ್ತದೆ.

ಹುಡುಗನ ಹೊಸ ಅಳತೆ ಬಂದಿದೆ: ಆಸನದ ಆಳಕ್ಕೆ 32, ಪಾದಕ್ಕೆ 31. ಪಾದದ ಹಲಗೆಯನ್ನು ಇಳಿಸಿ ಆಯಿತು, ಪಕ್ಕದ ಆಧಾರಗಳನ್ನು ಅಗಲಿಸಬೇಕು, ಒರಗುವ ಹಲಗೆಯನ್ನು ಹಿಂದಕ್ಕೆ ಸರಿಸಬೇಕು. ಶನಿವಾರ ಕೊಂಡುಹೋಗುತ್ತೇನೆ. ಅದೇ ಕೇಂದ್ರದಲ್ಲಿ ಇನ್ನು ಮೂವರು ಮಕ್ಕಳ ಅಳತೆ ನನ್ನ ನೋಟ್‌ಬುಕ್ಕಿನಲ್ಲಿದೆ, ಅಟ್ಟದ ಹಲಗೆಗಳು ಮಾತ್ರ ಮುಗಿದಿವೆ. ಪೆರ್ಲ, ಬದಿಯಡ್ಕದ ಆಸುಪಾಸಿನಲ್ಲಿ ಯಾರಾದರೂ ಹಳೆಯ ಮನೆ ಬಿಚ್ಚುವವರಿದ್ದರೆ, ಹಲಸಿನದೋ ಹೆಬ್ಬಲಸಿನದೋ ಮೂರು ಅಡಿ ಉದ್ದದ, ಒಂದು ಅಂಗುಲ ದಪ್ಪದ ಹಲಗೆಗಳನ್ನು ಸೌದೆಗೆ ಹಾಕುವ ಮೊದಲು ನನಗೆ ಇಲ್ಲಿಯೇ ಒಂದು ಸಂದೇಶ ಕಳುಹಿಸಿ. ಮೊಳೆ ಇದ್ದರೂ ಪರವಾಗಿಲ್ಲ, ಕಿತ್ತುಕೊಳ್ಳುತ್ತೇನೆ.