ಕೂಸೇ, ನಿನ್ನ ಸಂಬಳವೆಷ್ಟು?

ಅಮೆರಿಕದಲ್ಲಿ ಮಕ್ಕಳಿರುವ ಕುಟುಂಬಗಳ ತೆರಿಗೆ ರಿಯಾಯಿತಿ ಹೆಚ್ಚಿಸುವ ಮಸೂದೆ ಮತ್ತೆ ಬಂದಿದೆ. ಬರಲಿ ಪಾಪ, ಅದಕ್ಕೆ ಬಂದು ಹೋಗಿ ಅಭ್ಯಾಸವಿದೆ. 2024ರ ಜನವರಿಯಲ್ಲಿ ಇಂಥದ್ದೇ ಒಂದನ್ನು ಕೆಳಮನೆ 357–70ರಲ್ಲಿ ಅಂಗೀಕರಿಸಿತ್ತು. ಆರು ತಿಂಗಳು ಮಲಗಿಸಿಟ್ಟ ಮೇಲ್ಮನೆ ಸೆನೆಟ್, ಆಗಸ್ಟ್ 1ರಂದು ಎಬ್ಬಿಸಿ ಮತಕ್ಕೆ ಹಾಕಿತು. ಪರ 48, ವಿರುದ್ಧ 44. ಗೆದ್ದಿತಲ್ಲ ಎನ್ನಬೇಡಿ, ಅಲ್ಲಿ ಮಸೂದೆ ಮುಂದೆ ಸಾಗಲು 60 ಬೇಕು. ಮಸೂದೆ ಬಿತ್ತು, ಸದಸ್ಯರು ಬೇಸಿಗೆ ರಜೆಗೆ ಹೊರಟರು.

ಈಗಿರುವ ರಿಯಾಯಿತಿ ಕಾನೂನಿನ ಜಾಣತನಕ್ಕೆ ನಾನು ಮಾರುಹೋಗಿದ್ದೇನೆ. ಡಿಸೆಂಬರ್ 31ರ ರಾತ್ರಿ 11.59ಕ್ಕೆ ಹುಟ್ಟಿದ ಕೂಸಿಗೆ ಇಡೀ ವರ್ಷದ ರಿಯಾಯಿತಿ ಉಂಟು. ಎರಡು ನಿಮಿಷ ತಡವಾದರೆ ಆ ವರ್ಷದ್ದು ಪಂಗನಾಮ. ಹೆರಿಗೆ ಕೋಣೆಯಲ್ಲಿ ಸೂಲಗಿತ್ತಿಯ ಪಕ್ಕದಲ್ಲಿ ಒಬ್ಬ ಲೆಕ್ಕಪರಿಶೋಧಕ ಗಡಿಯಾರ ಹಿಡಿದು ನಿಲ್ಲುವುದು ಒಳ್ಳೆಯದು. ಅದೇ ದಿನ ಹದಿನೇಳು ತುಂಬುವ ಹುಡುಗ ಮಾತ್ರ ಕಾನೂನಿನ ಕಣ್ಣಿಗೆ ಆ ವರ್ಷವಿಡೀ ಮಗುವೇ ಆಗಿರಲಿಲ್ಲ. ಅವನ ಹಸಿವಿಗೆ ಈ ವಿಷಯ ತಿಳಿಸುವವರು ಯಾರೋ!

ಇರಲಿ, ದುಡ್ಡಿನ ಮಾತಿಗೆ ಬರೋಣ. 2025ರ ಕಾನೂನಿನಂತೆ ಮಗುವೊಂದಕ್ಕೆ 2,200 ಡಾಲರ್. ವರ್ಷಕ್ಕೆ ನಾಲ್ಕು ಲಕ್ಷ ಡಾಲರ್ ಗಳಿಸುವ ದಂಪತಿಗೆ ಮೂರು ಮಕ್ಕಳಿದ್ದರೆ 6,600 ಸಲೀಸಾಗಿ ಸಿಗುತ್ತದೆ. ಹತ್ತು ಸಾವಿರ ಗಳಿಸುವ ಒಂಟಿ ತಾಯಿಗೂ ಮೂರೇ ಮಕ್ಕಳು. ಆದರೆ ಆಕೆಯ ಲೆಕ್ಕ ಬೇರೆ. ಕಡಿತ ಮಾಡಲು ಆಕೆಗೆ ಆದಾಯ ತೆರಿಗೆಯೇ ಇಲ್ಲ, ಕೈಗೆ ಹಣವನ್ನೇ ಕೊಡಬೇಕು. ಹಾಗಾಗಿ ಆಕೆಯ ಗಳಿಕೆಯಲ್ಲಿ ಮೊದಲ 2,500 ಬದಿಗಿಟ್ಟು, ಉಳಿದದ್ದರಲ್ಲಿ ಶೇ 15. ಅಂದರೆ 1,125. ಒಂದು ಮಗುವಿದ್ದರೂ ಅಷ್ಟೇ, ಮೂರಿದ್ದರೂ ಅಷ್ಟೇ. ದುಡಿಮೆಯೇ ಇಲ್ಲದ ತಾಯಿಗೆ ಸೊನ್ನೆ. ಪುಕ್ಕಟೆ ಕೊಟ್ಟರೆ ಜನ ಮೈಗಳ್ಳರಾಗುತ್ತಾರಂತೆ. ನಿಜವಿರಬೇಕು. ಆರು ತಿಂಗಳ ಶಿಶುಗಳು ದಿನವಿಡೀ ಮಲಗಿರುವುದನ್ನು ನಾನೇ ನೋಡಿದ್ದೇನೆ.

ತಮಾಷೆ ಸಾಕು. 2021ರಲ್ಲಿ ಈ ದುಡಿಮೆಯ ಷರತ್ತನ್ನು ಒಂದೇ ವರ್ಷದ ಮಟ್ಟಿಗೆ ಕಿತ್ತುಹಾಕಿದ್ದರು. ಜುಲೈನಿಂದ ಡಿಸೆಂಬರ್‌ವರೆಗೆ ತಿಂಗಳು ತಿಂಗಳು ಹಣ ನೇರ ಖಾತೆಗೆ ಬಂತು, ಆರರೊಳಗಿನ ಮಗುವಿಗೆ 300 ಡಾಲರ್‌ವರೆಗೆ. ತೆರಿಗೆ, ಸರ್ಕಾರಿ ನೆರವನ್ನೂ ಲೆಕ್ಕಕ್ಕೆ ಹಿಡಿಯುವ ಪೂರಕ ಮಾಪನದ ಪ್ರಕಾರ ಮಕ್ಕಳ ಬಡತನ ಆ ವರ್ಷ ಶೇ 5.2ಕ್ಕೆ ಇಳಿಯಿತು. ಯೋಜನೆ ನಿಲ್ಲಿಸಿದರು, ಮರುವರ್ಷ ಶೇ 12.4. ಬರಗಾಲ ಬಂದಿರಲಿಲ್ಲ, ಯುದ್ಧ ನೆಲಕ್ಕೆ ಕಾಲಿಟ್ಟಿರಲಿಲ್ಲ. ಕೊಡುತ್ತಿದ್ದುದನ್ನು ಕೊಡದೆ ಬಿಟ್ಟರು, ಅಷ್ಟೇ. ಈ ಅಂಕಿಗಳನ್ನು ಪ್ರಕಟಿಸಿದ್ದು ಅದೇ ಸರ್ಕಾರದ ಜನಗಣತಿ ಕಚೇರಿ. ಸೆನೆಟರ್‌ಗಳಿಗೆ ಓದಲು ಬರುತ್ತದೆ.