ಕಲಗಚ್ಚು ತಿನ್ನುವ ಹುಳ

ಪಕ್ಕದ ಮನೆಯ ಅಜ್ಜಿ ನಾಲ್ಕು ಕೋಳಿ ಸಾಕಿದ್ದಾರೆ. ನೆದರ್ಲೆಂಡ್ಸಿಗೆ ಬಂದ ಹೊಸದರಲ್ಲಿ ಒಂದು ಭಾನುವಾರ, ಮಿಕ್ಕ ಚಿತ್ರಾನ್ನವನ್ನು ಬಟ್ಟಲಲ್ಲಿ ಹಿಡಿದುಕೊಂಡು ಬೇಲಿ ಹತ್ತಿರ ಹೋದೆ. ಅಜ್ಜಿ ನಗುತ್ತಲೇ ಕೈ ಅಡ್ಡ ಹಿಡಿದರು. ಅಡುಗೆಮನೆ ಹೊಕ್ಕು ಬಂದ ಯಾವುದನ್ನೂ ಇಲ್ಲಿ ಕೋಳಿಗೆ ಹಾಕುವಂತಿಲ್ಲವಂತೆ. ಕಾನೂನು. ರಾತ್ರಿ ಫೋನಿನಲ್ಲಿ ಹೇಳಿದರೆ ಅಮ್ಮ ನಂಬಲೇ ಇಲ್ಲ. "ಅನ್ನಾನೂ ಹಾಕಂಗಿಲ್ವಾ? ಮತ್ತೆ ಕಲಗಚ್ಚು ಏನ್ ಮಾಡ್ತಾರೋ?"

ಇಲ್ಲಿನವರ ಈ ಭಯಕ್ಕೆ ಕಾರಣವಿದೆ. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ಜ್ವರ ಹಬ್ಬಿ 60 ಲಕ್ಷಕ್ಕೂ ಹೆಚ್ಚು ದನ, ಕುರಿ, ಹಂದಿಗಳನ್ನು ಕೊಲ್ಲಬೇಕಾಯಿತು. ಅದರ ಮೂಲ ಹುಡುಕುತ್ತಾ ಹೋದವರು ತಲುಪಿದ್ದು ಸರಿಯಾಗಿ ಕುದಿಸದ ಕಲಗಚ್ಚು ಹಾಕುತ್ತಿದ್ದ ಒಂದು ಹಂದಿ ಫಾರಂಗೆ. ರೋಗ ನೆದರ್ಲೆಂಡ್ಸಿಗೂ ದಾಟಿತು. ಅದಕ್ಕೂ ಮೊದಲು ಮೇವಿನಿಂದಲೇ ಹಬ್ಬಿದ ಹುಚ್ಚು ಹಸು ರೋಗ ಬೇರೆ. ಆಮೇಲೆ ಇಲ್ಲಿ ಕಲಗಚ್ಚು ಎಂದರೆ ಅಪರಾಧದ ಹಾಗೆ.

ಈ ಹಿನ್ನೆಲೆ ಹೇಳಿದ್ದು ಹುಳದ ಮಾತಿಗೆ ಬರಲು. ನಾನು ಶಿಡ್ಲಘಟ್ಟದ ಕಡೆಯವನು, ರೇಷ್ಮೆ ಮನೆಯಲ್ಲಿ ಹುಟ್ಟಿದವನು. ಹುಳ ಸಾಕುವುದರಲ್ಲಿ ನಮಗೆ ಹೇಸಿಗೆ ಇಲ್ಲ. ಇಲ್ಲಿ ಈಗ ಸಾಕುತ್ತಿರುವುದು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಹುಳ. ದೂರದಿಂದ ಕಣಜದಂತೆ ಕಾಣುವ, ಕಚ್ಚದ ಕರಿ ನೊಣ ಇದು. ಮೊಟ್ಟೆಯೊಡೆದು ಹೊರಬಂದ ಮರಿ ಎರಡು ವಾರದಲ್ಲಿ ಕೊಳೆತ ತರಕಾರಿಯನ್ನೆಲ್ಲ ತಿಂದು ಕೊಬ್ಬುತ್ತದೆ. ಒಣಗಿಸಿದರೆ ತೂಕದ ಶೇಕಡ 40ರ ಹತ್ತಿರ ಪ್ರೋಟೀನು. ಬೆರ್ಗನ್ ಆಪ್ ಝೋಮ್ ಊರಿನಲ್ಲಿ ಪ್ರೋಟಿಕ್ಸ್ ಕಂಪನಿಯ ಹುಳದ ಕಾರ್ಖಾನೆಯನ್ನು 2019ರಲ್ಲಿ ಉದ್ಘಾಟಿಸಿದವರು ಸ್ವತಃ ಇಲ್ಲಿನ ದೊರೆ. ನಮ್ಮ ಕಡೆ ರೇಷ್ಮೆ ಹುಳಕ್ಕೂ ಅಂಥ ಮರ್ಯಾದೆ ಸಿಕ್ಕಿದ್ದು ನಾನು ನೋಡಿಲ್ಲ.

ನನ್ನ ಕುತೂಹಲ ಕೆರಳಿದ್ದು ಪ್ರೋಟೀನಿನಿಂದಲ್ಲ, ಸುಣ್ಣದಿಂದ, ಅಂದರೆ ಕ್ಯಾಲ್ಸಿಯಂನಿಂದ. ಮೇವಿಗೆಂದು ಸಾಕುವ ಮೀಲ್‌ವರ್ಮ್ ಎಂಬ ಹುಳ, ಮಿಡತೆ, ಚಿಮ್ಮಂಡೆಗಳಲ್ಲೆಲ್ಲ ಸುಣ್ಣದಂಶ ತೀರಾ ಕಡಿಮೆ. ಈ ಕರಿ ನೊಣದ ಹುಳ ಮಾತ್ರ ತಿಂದ ಸುಣ್ಣವನ್ನು ಚರ್ಮದಲ್ಲೇ ಕಟ್ಟಿಕೊಳ್ಳುತ್ತದೆ. ಹಾಗಾಗಿ ಹಲ್ಲಿ, ಓತಿಗಳನ್ನು ಸಾಕುವ ಹವ್ಯಾಸದವರು ಮೊದಲಿಂದಲೂ ಇದನ್ನು ಕೊಳ್ಳುತ್ತಿದ್ದರು. ಮೇವಿನಲ್ಲಿ ಸುಣ್ಣ ಹೆಚ್ಚಿದ್ದರೆ ಹುಳದಲ್ಲೂ ಹೆಚ್ಚು, ಕಡಿಮೆ ಇದ್ದರೆ ಕಡಿಮೆ. ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ ಸುಮಾರು 4 ಗ್ರಾಂ ಸುಣ್ಣ ಬೇಕಾಗುವಾಗ ಇದು ಸಣ್ಣ ಸಂಗತಿಯಲ್ಲ. ನಾರ್ವೆಯವರು ಒಂದು ಹೆಜ್ಜೆ ಮುಂದೆ ಹೋದರು. 2017ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಕಂದು ಬಣ್ಣದ ಕಡಲಕಳೆಯನ್ನು ಮೇವಿಗೆ ಬೆರೆಸಿದರು. ಸಮುದ್ರ ಕಾಣದ ಹುಳದ ಮೈಯಲ್ಲಿ ಅಯೋಡಿನ್ ಬಂತು, ಮೀನಿನಲ್ಲಿರುವಂಥ ಒಮೇಗಾ-3 ಕೊಬ್ಬೂ ಬಂತು. ಅರ್ಧಕ್ಕಿಂತ ಹೆಚ್ಚು ಕಡಲಕಳೆ ಹಾಕಿದಾಗ ಹುಳ ಸೊರಗಿತು. ಅದಕ್ಕೂ ಒಂದು ಹದ ಬೇಕಲ್ಲ.

ಎಲ್ಲ ಖನಿಜವೂ ಹೀಗೆ ಹೇಳಿದಂತೆ ಕೇಳುವುದಿಲ್ಲ. ಸ್ವಿಟ್ಜರ್ಲೆಂಡಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಫಲಿತಾಂಶ ನೋಡಿ: ಸತುವನ್ನು ಮೇವಿಗೆ ಎಷ್ಟೇ ಸುರಿದರೂ ಹುಳ ತನಗೆ ಬೇಕಾದಷ್ಟೇ ಇಟ್ಟುಕೊಂಡು ಮಿಕ್ಕದ್ದನ್ನು ಬಿಟ್ಟುಬಿಡುತ್ತದೆ. ಸೀಸವನ್ನೂ ಅಷ್ಟಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕ್ಯಾಡ್ಮಿಯಂ ಎಂಬ ವಿಷಲೋಹ ಮಾತ್ರ ಮೇವಿನಲ್ಲಿ ಇದ್ದದ್ದಕ್ಕಿಂತ ಎರಡೂವರೆ ಪಟ್ಟಿನಷ್ಟು ಮೈಯಲ್ಲಿ ಸೇರುತ್ತದೆ. ಸುಣ್ಣ ಒಳಗೆ ಹೋಗುವ ದಾರಿಯಲ್ಲೇ ಕ್ಯಾಡ್ಮಿಯಂ ಕೂಡ ನುಸುಳುತ್ತದೆ ಎಂಬುದು ವಿಜ್ಞಾನಿಗಳ ಅನುಮಾನ.

ರೇಷ್ಮೆಯವನಾಗಿ ನನಗೆ ದಿಗಿಲಾಗುವುದು ಇಲ್ಲೇ. ಪಕ್ಕದ ಹೊಲದವರು ಔಷಧಿ ಹೊಡೆದ ಗಾಳಿ ನಮ್ಮ ಹಿಪ್ಪುನೇರಳೆಗೆ ತಾಗಿದರೆ ಸಾಕು, ಆ ಸೊಪ್ಪು ತಿಂದ ಹುಳ ಸಂಜೆಯೊಳಗೆ ಹಸಿರು ಕಕ್ಕಿ ಸಾಯುತ್ತಿತ್ತು. ನಾಲ್ಕನೇ ಜ್ವರ (ಹುಳ ಪೊರೆ ಬಿಡುವುದಕ್ಕೆ ನಮ್ಮವರ ಮಾತು) ಎದ್ದ ಹುಳ ತಟ್ಟೆಗಟ್ಟಲೆ ಹಾಗೆ ಹೋದಾಗ ಅಪ್ಪ ಮೂರು ದಿನ ಮಾತಾಡಿರಲಿಲ್ಲ. ಆದರೂ ಹುಳ ಸತ್ತು ನಮಗೆ ಸುದ್ದಿ ಮುಟ್ಟಿಸುತ್ತಿತ್ತು. ಈ ಕರಿ ನೊಣದ ಹುಳ ಸಾಯುವುದಿಲ್ಲ. ಕ್ಯಾಡ್ಮಿಯಂ ತಿಂದೂ ದುಂಡಗೆ ಬೆಳೆದು ಮೀನಿಗೋ ಕೋಳಿಗೋ ಮೇವಾಗಿ ಹೊರಡುತ್ತದೆ. ನೋಡಿದರೆ ಗೊತ್ತಾಗದು, ಲ್ಯಾಬಿಗೆ ಕಳಿಸಬೇಕು.

ಯುರೋಪಿನ ಕಾನೂನಿನಲ್ಲಿ ಸಾಕಿದ ಹುಳವೂ ಹಸು, ಹಂದಿಯಂತೆ ಸಾಕುಪ್ರಾಣಿಯೇ. ಅದರ ಹಿಟ್ಟನ್ನು 2017ರಲ್ಲಿ ಮೀನಿಗೆ, 2021ರಲ್ಲಿ ಕೋಳಿ ಮತ್ತು ಹಂದಿಗೆ ಹಾಕಲು ಬಿಟ್ಟರು. ಆದರೆ ಸಾಕುಪ್ರಾಣಿ ಆದ್ದರಿಂದ ಹೋಟೆಲಿನ, ಮನೆಯ ಎಂಜಲನ್ನು ಹುಳಕ್ಕೆ ಹಾಕಲು ಇಂದಿಗೂ ಬಿಟ್ಟಿಲ್ಲ. ಕಾರ್ಖಾನೆಗಳಲ್ಲಿ ಹುಳ ತಿನ್ನುವುದು ಆಲೂಗಡ್ಡೆ ಸಿಪ್ಪೆ, ಬಿಯರ್ ಮಾಡಿ ಉಳಿದ ಬೂಸಾ ಇಂಥವನ್ನು. ಇವನ್ನು ಹಸುವಿಗೇ ನೇರವಾಗಿ ಹಾಕಬಹುದಿತ್ತು. ಪತ್ರಿಕೆಗಳಲ್ಲಿ ಮಾತ್ರ ಹುಳ ಊರಿನ ಕಸವನ್ನೆಲ್ಲ ತಿಂದು ಮುಗಿಸಿದಂತೆ ಬರೆಯುತ್ತಾರೆ. ಎಂಜಲಿನ ಮೇಲಿನ ಈ ನಿಷೇಧ ನನಗೆ ಅತಿ ಮಡಿ ಅನ್ನಿಸುತ್ತದೆ. ಇವರ ಮನೆಗಳಲ್ಲಿ ಸಿಪ್ಪೆ, ಎಂಜಲಿಗೆಂದೇ ಬೇರೆ ಡಬ್ಬಿ ಇರುತ್ತದೆ. ಚೆನ್ನಾಗಿ ಕಾಯಿಸಿ ಹುಳಕ್ಕೆ ಹಾಕಬಹುದಾದದ್ದು ಗೊಬ್ಬರಕ್ಕೆ, ಗ್ಯಾಸಿಗೆ ಹೋಗುತ್ತಿದೆ.

ನಮ್ಮಲ್ಲಿ ತಾಪತ್ರಯ ತಿರುಗುಮುರುಗು. ಬೆಂಗಳೂರಿನಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡಿ ಎಂದು 2015ರಲ್ಲಿ ಹೈಕೋರ್ಟೇ ಹೇಳಿತು. ತಂಗಿಯ ಅಪಾರ್ಟ್‌ಮೆಂಟಿನ ಹಸಿ ಕಸದ ಡ್ರಮ್ಮಿನಲ್ಲಿ ಕಳೆದ ಸಲ ನಾನು ಕಂಡದ್ದು ಬಾಳೆಸಿಪ್ಪೆ, ಹುಳಿಯನ್ನ, ಜೊತೆಗೆ ಗಡಿಯಾರದ ಎರಡು ಸೆಲ್ಲು. ಆ ಡ್ರಮ್ಮಿನಿಂದ ಖನಿಜಭರಿತ ಹುಳ ಬೆಳೆಸುತ್ತೇವೆ ಎಂದು ಯಾರಾದರೂ ಹೊರಟರೆ, ಯಾವ ಖನಿಜ ಸ್ವಾಮಿ ಎಂದು ಕೇಳಬೇಕಾಗುತ್ತದೆ.

ಹಾಗಂತ ಕೈಬಿಡುವ ಮಾತಲ್ಲ. ರಾಮನಗರ, ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಿದ ಮೇಲೆ ಉಳಿಯುವ ಪ್ಯೂಪ ಮೀನಿಗೆ, ಕೋಳಿಗೆ ಎಷ್ಟೋ ಕಾಲದಿಂದ ಹೋಗುತ್ತಿದೆ. ಹುಳ ಮೇವಾಗುವುದು ನಮಗೆ ಹೊಸದೇನಲ್ಲ. ಹಾಸಿಗೆ ಒಣಗಲೆಂದು ಜ್ವರಕ್ಕೆ ಕೂತ ಹುಳದ ಮೇಲೆ ಸುಣ್ಣದ ಪುಡಿ ಉದುರಿಸುವ ಕೈಗಳಿಗೆ ಇದರ ಹದವನ್ನೂ ಕಲಿಸಬಹುದು. ಊರಿನ ಕಸವನ್ನೆಲ್ಲ ತರುವ ಬದಲು, ಎಲ್ಲಿಂದ ಬಂತು ಎಂದು ಬೆರಳಿಟ್ಟು ತೋರಿಸಬಹುದಾದ ಕಸ ತರಬೇಕು. ಎಪಿಎಂಸಿಯ ಸೊಪ್ಪು ತರಕಾರಿ, ಕಲ್ಯಾಣ ಮಂಟಪದ ಅಡುಗೆಮನೆ ಸಿಪ್ಪೆ. ಎಲ್ಲಕ್ಕಿಂತ ನನ್ನ ಕಣ್ಣಿರುವುದು ಶಾಲೆಗಳ ಮೇಲೆ. 2024ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡುತ್ತಿದ್ದಾರೆ. ಮೊಟ್ಟೆ ಚಿಪ್ಪು ಬಹುಪಾಲು ಬರೀ ಸುಣ್ಣ. ಅದೂ ಕುದಿದದ್ದು, ಒಂದೇ ಕಡೆ ರಾಶಿ ಬೀಳುವಂಥದ್ದು, ಸೆಲ್ಲು ಬೆರೆಯದ್ದು.

ಮೊನ್ನೆ ಅಮ್ಮನಿಗೆ ಫೋನ್ ಮಾಡಿದಾಗ, ನಮ್ಮೂರ ಶಾಲೆಯಲ್ಲಿ ಆ ಚಿಪ್ಪು ಏನು ಮಾಡುತ್ತಾರೆ ಎಂದು ಕೇಳಿದೆ. ಅಡುಗೆ ಮಾಡುವ ಅಕ್ಕನನ್ನು ವಿಚಾರಿಸಿ ಹೇಳಿದಳು: "ಚೀಲಕ್ಕೆ ತುಂಬಿ ತಿಪ್ಪೆಗೆ ಹಾಕ್ತಾಳಂತೆ. ಒಂದು ಚೀಲ ಎತ್ತಿಡು ಅಂತ ಹೇಳ್ಲಾ?"