ಯಾವನ್ರೀ ಇದನ್ನ ಮುಟ್ಟಿದ್ದು?

ನಿನ್ನೆ ಮತ್ತೆ ಅದೇ ಮಾತು ಕೇಳಿಸಿಕೊಂಡು ಬಂದೆ. ತಲೆ ಇನ್ನೂ ಬಿಸಿ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಹಳೇ ಗಾಡಿಯನ್ನು ಗ್ಯಾರೇಜಿಗೆ ಬಿಟ್ಟವರಿಗೆಲ್ಲ ಆ ಮಾತು ಗೊತ್ತಿರುತ್ತದೆ. ಬಾನೆಟ್ ಎತ್ತುತ್ತಾರೆ. ಬಗ್ಗಿ ನೋಡುತ್ತಾರೆ. ಲೊಚಗುಡುತ್ತಾರೆ. ಯಾವುದೋ ಒಂದು ವೈರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ನಮ್ಮ ಮುಖ ನೋಡಿ, "ಯಾವನ್ರೀ ಇದನ್ನ ಮುಟ್ಟಿದ್ದು?" ಅನ್ನುತ್ತಾರೆ. ಅಲ್ಲಿಗೆ ಮೊದಲ ಐನೂರು ರೂಪಾಯಿ ಹೋಯಿತು ಅಂತಲೇ ಲೆಕ್ಕ.

ವಿಷಯ ಇಷ್ಟೇ. ಅಪ್ಪನ ಕಾಲದ ಮಹೀಂದ್ರ ಪಿಕಪ್ಪು ನಮ್ಮ ಹಿತ್ತಲ ಶೆಡ್ಡಿನಲ್ಲಿ ನಿಂತಿತ್ತು. ನಂಬರ್ ಕೆಎ 13, ಅಪ್ಪಟ ಹಾಸನದ್ದು. ಫ್ರಾನ್ಸಿನ ಪ್ಯೂಜೋ ಕಂಪನಿ ವಿನ್ಯಾಸದ ಡೀಸೆಲ್ ಎಂಜಿನ್ನು, ನಾಲ್ಕು ಸಿಲಿಂಡರು, 2112 ಸಿಸಿ. ಫ್ರಾನ್ಸು ಅಂದ ಕೂಡಲೇ ಏನೇನೋ ಅಂದುಕೊಳ್ಳಬೇಡಿ. ಇಲ್ಲಿಗೆ ಬಂದು ಅದು ಎಳೆದಿದ್ದು ಆಲೂಗಡ್ಡೆ ಮೂಟೆ, ಕೊಟ್ಟಿಗೆ ಗೊಬ್ಬರ, ವರ್ಷಕ್ಕೊಂದು ಸಲ ಬೀದಿಯ ಗಣಪತಿ. ಗುಜರಿಯವನು ಬಂದ, ಗಾಡಿಗೆ ಒಂದು ಸುತ್ತು ಹಾಕಿದ, ಕೆ.ಜಿ. ಲೆಕ್ಕದಲ್ಲಿ ಬೆಲೆ ಹೇಳಿದ. ಎಂಜಿನ್ನಿಗೂ ಅದೇ ರೇಟು, ಸೀಟಿನ ಸ್ಪ್ರಿಂಗಿಗೂ ಅದೇ ರೇಟು. ನನಗೆ ರೇಗಿತು. ಕೊಡಲ್ಲ, ರಿಪೇರಿ ಮಾಡಿಸ್ತೀನಿ ಅಂದೆ. "ಎಷ್ಟಾಗುತ್ತೆ?" ಅಂತ ಒಳಗಿಂದ ಹೆಂಡತಿಯ ದನಿ ಬಂತು. "ಐವತ್ತು ಸಾವಿರದೊಳಗೆ" ಅಂದೆ. ಅದೇ ನಮ್ಮ ಬಜೆಟ್ಟು. ಅಡುಗೆಮನೆ ಕಟ್ಟೆಗೆ ಗ್ರಾನೈಟ್ ಹಾಕಿಸಲು ಎತ್ತಿಟ್ಟಿದ್ದ ದುಡ್ಡು ಅದು ಅನ್ನುವುದನ್ನು ಆಕೆ ಇವತ್ತಿಗೂ ಮರೆತಿಲ್ಲ, ನನಗೂ ಮರೆಯಲು ಬಿಟ್ಟಿಲ್ಲ.

ಹಳೇ ಗಾಡಿಯ ಲೆಕ್ಕವೇ ಬೇರೆ. ಬ್ರೇಕಿನ ಮಾಸ್ಟರ್ ಸಿಲಿಂಡರಿಗೆ ಹೊಸ ವಾಷರ್ ಕಿಟ್ ಹಾಕಿಸಿದೆ. ಸಣ್ಣ ಖರ್ಚು, ಖುಷಿಯಾಯಿತು. ಬ್ರೇಕ್ ಆಯಿಲ್‌ಗೆ ಈಗ ಒತ್ತಡ ಜಾಸ್ತಿಯಾಯಿತಲ್ಲ, ಇಷ್ಟು ವರ್ಷ ಸುಮ್ಮನಿದ್ದ ಚಕ್ರದ ಸಿಲಿಂಡರುಗಳು ಒಂದೊಂದಾಗಿ ಸೋರಲು ಶುರುಮಾಡಿದವು. ಸಾಮಾನಿಗೆ ಅಂಗಡಿಗೆ ಹೋದರೆ "ಹಳೇ ಮಾಡೆಲ್ಲಾ, ಹೊಸ ಮಾಡೆಲ್ಲಾ?" ಅಂತ ಕೇಳುತ್ತಾರೆ. ಹಳೇದು ಅಂದರೆ ಇಲ್ಲ. ಹೊಸದು ಇದೆ, ಆದರೆ ಕೂರಲ್ಲ. ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ ಅನ್ನುತ್ತಾರೆ. ಹೋದೆ. ಬಸ್ ಚಾರ್ಜು ಮತ್ತು ಊಟದ ಮುಂದೆ ಆ ರಬ್ಬರ್ ಬುಷ್ಷಿನ ಬೆಲೆ ಎಷ್ಟಿತ್ತು ಅಂತ ಹೇಳಲು ನನಗೇ ನಾಚಿಕೆ.

ಆಮೇಲೆ ಟಿಂಕರಿಂಗ್, ಅಂದರೆ ಬಾಡಿಯ ತಗಡಿನ ಕೆಲಸ. ಹಾಸನಾಂಬೆಯ ಬಾಗಿಲನ್ನು ವರ್ಷಕ್ಕೊಮ್ಮೆಯಾದರೂ ತೆಗೆಯುತ್ತಾರೆ. ನಮ್ಮ ಗಾಡಿಯ ಎಡಗಡೆ ಬಾಗಿಲಿಗೆ ಆ ಭಾಗ್ಯವೂ ಇರಲಿಲ್ಲ. ಯಾವ ಕಾಲದಲ್ಲೋ ಮುಚ್ಚಿದ್ದು ತುಕ್ಕು ಹಿಡಿದು ಬಾಡಿಯ ಜೊತೆ ಒಂದಾಗಿತ್ತು. ಟಿಂಕರ್ ಮೇಸ್ತ್ರಿ ಸುತ್ತಿಗೆಯಲ್ಲಿ ಕುಟ್ಟಿದ. ಮೊದಲು ಬಿದ್ದಿದ್ದು ಹಳೇ ಪುಟ್ಟಿ, ಅಂಗೈ ದಪ್ಪದ್ದು. ಪುಟ್ಟಿಯ ಹಿಂದೆ ತಗಡು ಇರಲಿಲ್ಲ, ಸಿಮೆಂಟ್ ಚೀಲದ ತುಂಡಿತ್ತು. "ಯಾವನ್ರೀ ಇದನ್ನ ಮಾಡಿದ್ದು?" ಎಂದ. ನಿಜ ಹೇಳಬೇಕೆಂದರೆ ಆ ಒಂದು ಸಲ ನನಗೂ ಅದೇ ಪ್ರಶ್ನೆ ಇತ್ತು.

ಅದೇ ದಿನ ಡ್ಯಾಷ್‌ಬೋರ್ಡ್ ಉಜ್ಜುತ್ತಿದ್ದವನು ಮತ್ತೆ ಕೂಗಿದ. "ಯಾವನ್ರೀ ಇಲ್ಲೆಲ್ಲ ಗೀಚಿರೋದು?" ಹೋಗಿ ನೋಡಿದೆ. ಡಬ್ಬಿ ಮುಚ್ಚಳದ ಒಳಗಡೆ ಬಾಲ್‌ಪೆನ್ನಿನ ಅಕ್ಷರ. ಬೀಜ ಆಲೂಗಡ್ಡೆ ಮೂಟೆ ಇಷ್ಟು, ಹಮಾಲಿ ಇಷ್ಟು, ಡೀಸೆಲ್ 200, ಟೀ 6. ಕೆಳಗೆ ಗೆರೆ ಎಳೆದು "ಬಾಕಿ ಇಲ್ಲ" ಅಂತ. ಪ್ರತಿ ಮೇ ತಿಂಗಳು ಜಲಂಧರ್‌ನಿಂದ ಬೀಜದ ಗಡ್ಡೆ ಹಾಸನದ ಎಪಿಎಂಸಿಗೆ ಬರುತ್ತದಲ್ಲ, ಅದನ್ನು ತರಲು ಅಪ್ಪ ಬೆಳಗಿನ ಜಾವ ಹೊರಡುತ್ತಿದ್ದರು. ನಾನು ಹಿಂದೆ ಮೂಟೆಗಳ ಮೇಲೆ ಕೂತು ಬರುತ್ತಿದ್ದೆ. ಆಮೇಲೆ ಅಂಗಮಾರಿ ರೋಗ ಬಂದು ಬಂದು ಆಲೂಗಡ್ಡೆಯ ಸಹವಾಸವೇ ಸಾಕಾಯಿತು. ಊರು ಮುಸುಕಿನ ಜೋಳಕ್ಕೆ, ಶುಂಠಿಗೆ ಹೊರಳಿತು. ಗಾಡಿ ಶೆಡ್ ಸೇರಿತು. "ನಮ್ಮಪ್ಪ ಬರೆದಿದ್ದು" ಅಂದೆ. ಮೇಸ್ತ್ರಿ ಸುಮ್ಮನಾದ. ಮುಚ್ಚಳದ ಒಳಗಡೆ ಮುಟ್ಟದೆ ಸುತ್ತ ಮಾತ್ರ ಬಣ್ಣ ಹೊಡೆದ. ಬಿಲ್ಲಿನಲ್ಲಿ ಮಾತ್ರ ಆ ಜಾಗ ಬಿಟ್ಟಿರಲಿಲ್ಲ.

ಎಲೆಕ್ಟ್ರಿಷಿಯನ್ ಕಥೆ ಇನ್ನೊಂದು. ಎಡಗಡೆ ಇಂಡಿಕೇಟರ್ ಹಾಕಿದರೆ ಬಲಗಡೆ ಪಾರ್ಕಿಂಗ್ ಲೈಟು ಮಂಕಾಗುತ್ತಿತ್ತು. ಬ್ರೇಕ್ ತುಳಿದರೆ ನಂಬರ್ ಪ್ಲೇಟಿನ ಬಲ್ಬು ಕಣ್ಣು ಹೊಡೆಯುತ್ತಿತ್ತು. "ಅರ್ಥ್ ಇಲ್ಲ ಸಾರ್" ಎಂದ. ಬಾಡಿಗೆ ತುಕ್ಕು ಹಿಡಿದರೆ ಕರೆಂಟು ವಾಪಸ್ ಹೋಗಲು ದಾರಿ ಸಿಗದೆ ಕಂಡಕಂಡ ಬಲ್ಬಿನೊಳಗೆ ನುಗ್ಗುತ್ತದಂತೆ. ಹೇಳಿದ್ದು ಸರಿಯೇ. ಆದರೆ ಅದನ್ನು ಸರಿ ಮಾಡುವುದು ಬಿಟ್ಟು ಮಧ್ಯಾಹ್ನದವರೆಗೆ ಹಿಂದಿನ ಎಲೆಕ್ಟ್ರಿಷಿಯನ್ನಿಗೆ ಬೈದ. ಇದೇ ಊರಿನ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆ. 1982ರಿಂದ ಅಲ್ಲಿ ಕೂತು, 36 ಸಾವಿರ ಕಿಲೋಮೀಟರ್ ಮೇಲಿರುವ ಉಪಗ್ರಹಗಳನ್ನು ಆ ಕಡೆ ಈ ಕಡೆ ತಿರುಗಿಸುತ್ತಾರೆ. ನನ್ನ ಗಾಡಿ ಎಡಕ್ಕೆ ತಿರುಗುತ್ತದೆ ಅಂತ ಹಿಂದಿನವನಿಗೆ ತಿಳಿಸಲು ಮಾತ್ರ ಹಾಸನದಲ್ಲಿ ವ್ಯವಸ್ಥೆ ಇಲ್ಲ.

ಇವರೆಲ್ಲರ ಗುರು ನಮ್ಮ ಮೆಕ್ಯಾನಿಕ್. ಕೆಲಸ ಬಲ್ಲವನು, ಅದರಲ್ಲಿ ಎರಡು ಮಾತಿಲ್ಲ. ಡೀಸೆಲ್ ಪಂಪನ್ನು ಬಿಚ್ಚಿ ಕಳಿಸಿ ಸರ್ವಿಸ್ ಮಾಡಿಸಿ ತಂದು ಕೂರಿಸಿದ್ದ. ಅವನ ಬಾಯಲ್ಲಿ ಅದು ಇನ್ನೂ ಮೈಕೋ ಪಂಪು. ಕಂಪನಿ 2008ರಲ್ಲೇ ಬಾಷ್ ಆದ ಸುದ್ದಿ ಆ ಗ್ಯಾರೇಜಿಗೆ ಇನ್ನೂ ತಲುಪಿಲ್ಲ. ನಿನ್ನೆ ಸ್ಟಾರ್ಟ್ ಮಾಡೋಣ, ಬನ್ನಿ ಅಂದ. ನಾನು ನಿಂಬೆಹಣ್ಣು, ಊದುಬತ್ತಿ ತಗೊಂಡೇ ಹೋದೆ.

ಹೀಟರ್ ಹಾಕಿ, ಎಂಜಿನ್ನಿನೊಳಗಿನ ಹೀಟರ್ ಪ್ಲಗ್ಗುಗಳು ಕಾಯಲು ಬಿಟ್ಟು, ಸೆಲ್ಫ್ ಹೊಡೆದ. ಗರಗರ ಅಂತ ತಿರುಗಿತು, ಹೊತ್ತಿಕೊಳ್ಳಲಿಲ್ಲ. "ಏರ್ ಲಾಕ್" ಅಂದ. ಡೀಸೆಲ್ ಗಾಡಿಯ ಪೈಪಿನಲ್ಲಿ ಗಾಳಿ ಸೇರಿದರೆ ಮುಗಿಯಿತು, ಎಂಜಿನ್ ಮಾತಾಡುವುದಿಲ್ಲ. ನಟ್ಟು ಸಡಿಲಿಸಿ, ಹೆಬ್ಬೆರಳಲ್ಲಿ ಹ್ಯಾಂಡ್ ಪಂಪು ಒತ್ತುತ್ತಾ ಹೋದ. ಸಂದಿಯಲ್ಲಿ ಬಿಳಿ ನೊರೆ ಬಂತು. ಗುಳ್ಳೆ ಬಂತು. ಒತ್ತಿದಷ್ಟೂ ಗುಳ್ಳೆ. ಎಲ್ಲಿಂದಲೋ ಗಾಳಿ ಎಳೀತಿದೆ ಅಂತ ಗಾಡಿ ಕೆಳಗೆ ನುಸುಳಿದ. ಸ್ವಲ್ಪ ಹೊತ್ತು ನಿಶ್ಶಬ್ದ. ಆಮೇಲೆ ಕೆಳಗಿಂದ ಬಂತು ನೋಡಿ, "ಯಾವನ್ರೀ ಇದನ್ನ ಮುಟ್ಟಿದ್ದು?"

ಟ್ಯಾಂಕಿನಿಂದ ಬರುವ ಪೈಪಿನ ಜಾಯಿಂಟಿಗೆ ಯಾರೋ ಸೈಕಲ್ ಟ್ಯೂಬಿನ ತುಂಡು ತೊಡಿಸಿ, ಬೈಂಡಿಂಗ್ ವೈರ್ ಸುತ್ತಿದ್ದರು. ಡೀಸೆಲ್ ಕುಡಿದು ಟ್ಯೂಬು ಊದಿಕೊಂಡು ಮೆತ್ತಗಾಗಿತ್ತು. ಅದನ್ನು ಕಿತ್ತುಕೊಂಡು ಹೊರಗೆ ಬಂದ. ಗ್ಯಾರೇಜಿನವರನ್ನೆಲ್ಲ ಕರೆದ. ಪಂಕ್ಚರ್ ಅಂಗಡಿಯವನನ್ನೂ ಕರೆದ. ಡೀಸೆಲ್‌ಗೆ ಸೈಕಲ್ ಟ್ಯೂಬ್ ಹಾಕುವವನ ಕೈಗೆ ಸ್ಪ್ಯಾನರ್ ಕೊಟ್ಟವನು ಯಾರು ಅಂತ ಕೇಳಿದ. ಇಂಥವರಿಂದಲೇ ನಮ್ಮ ಲೈನು ಕೆಟ್ಟಿದ್ದು ಅಂದ. ಅಂಗೈ ಮೇಲೆ ಇಟ್ಟುಕೊಂಡು ಮೊಬೈಲಲ್ಲಿ ಫೋಟೋ ಹೊಡೆದು ಮೆಕ್ಯಾನಿಕ್‌ಗಳ ಗ್ರೂಪಿಗೆ ಹಾಕಿದ. ಎಲ್ಲರೂ ತಲೆ ಅಲ್ಲಾಡಿಸಿದರು. ನಾನೂ ಅಲ್ಲಾಡಿಸಿದೆ. ಬೇರೆ ಏನು ಮಾಡಲಿ?

ಟೀ ತರಲು ಹೋಗಿದ್ದ ಹುಡುಗ ಆಗ ಬಂದ. ಗ್ಲಾಸು ಇಳಿಸುತ್ತಾ ನೋಡಿದ. "ಅಣ್ಣ, ಇದು ಹೋದ ತಿಂಗಳು ನೀವೇ ಹಾಕಿದ್ದಲ್ವಾ? ನನ್ನ ಸೈಕಲ್ ಟ್ಯೂಬೇ ಕತ್ತರಿಸಿದ್ರಿ."

ಪಂಕ್ಚರ್ ಅಂಗಡಿಯವನಿಗೆ ತಕ್ಷಣ ಏನೋ ಕೆಲಸ ನೆನಪಾಯಿತು. ಉಳಿದವರು ಟೀ ಗ್ಲಾಸಿನೊಳಗೆ ನೋಡುತ್ತಾ ನಿಂತರು. ನನ್ನ ಮೆಕ್ಯಾನಿಕ್ ಮುಖದಲ್ಲಿ ಒಂದು ಗೆರೆ ಕದಲಿದ್ದರೆ ಕೇಳಿ. ಟ್ಯೂಬನ್ನು ತಿರುಗಿಸಿ ತಿರುಗಿಸಿ ನೋಡಿದ.

"ಹೌದು. ಅದು ಟೆಂಪರವರಿ" ಎಂದ.

ಸರಿ ಬಿಡಿ, ಎಲ್ಲರೂ ಮಾಡುತ್ತಾರೆ ಅಂದುಕೊಂಡೆ. ಅವನು ಅಷ್ಟಕ್ಕೇ ಬಿಡಬೇಕಲ್ಲ? ನನ್ನ ಕಡೆ ತಿರುಗಿ, "ಟೆಂಪರವರಿ ಹಾಕಿದ ಮೇಲೆ ಇಷ್ಟು ದಿನ ಓಡಿಸ್ತಾರಾ ಸಾರ್?" ಅಂತ ಕೇಳಿದ.

ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಅವನ ಗ್ಯಾರೇಜಿಗೆ ತಂದಿದ್ದು. ಬಂದಾಗಿನಿಂದ ಒಂದಿಂಚೂ ಕದಲಿಲ್ಲ. ಅದರ ನೆರಳಲ್ಲಿ ನಾಯಿ ಮರಿ ಹಾಕಿದೆ.

ಹೊಸ ಪೈಪು ಬಂತು, ಗುಳ್ಳೆ ನಿಂತಿತು, ಗಾಡಿ ಹೊತ್ತಿಕೊಂಡಿತು. ಹೊಗೆ ಇಡೀ ಬೀದಿಗೆ ಹರಡಿತು. ಬಿಲ್ಲಿನಲ್ಲಿ "ಏರ್ ಲಾಕ್ ತೆಗೆದಿದ್ದು" ಅಂತ ಬೇರೆ, "ಪೈಪ್ ಹಾಕಿದ್ದು" ಅಂತ ಬೇರೆ. ಟೆಂಪರವರಿಯದು ಹೋದ ತಿಂಗಳೇ ಕೊಟ್ಟಾಗಿದೆ.

ಇನ್ನು ಎಫ್‌ಸಿ ಬಾಕಿ, ಅಂದರೆ ಗಾಡಿ ರಸ್ತೆಗಿಳಿಯಲು ಯೋಗ್ಯ ಅನ್ನುವ ಸರ್ಟಿಫಿಕೇಟು. ಎಂಟು ವರ್ಷ ದಾಟಿದ ಹಳದಿ ಬೋರ್ಡಿನ ಗಾಡಿಗೆ ವರ್ಷ ವರ್ಷವೂ ಮಾಡಿಸಬೇಕು. ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು ರೇಡಿಯಂ, ಅದೇ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ, ಅಂಟಿಸಬೇಕು. ಬಜೆಟ್ಟು ಮುಗಿದು ಎಷ್ಟೋ ಕಾಲವಾಯಿತು. ಈಗ ಯಾವ ದುಡ್ಡು ಖರ್ಚಾಗುತ್ತಿದೆ ಅಂತ ನಾನು ಮನೆಯಲ್ಲಿ ಹೇಳಿಲ್ಲ. ಅವಳೂ ಕೇಳಿಲ್ಲ, ಅದೇ ಭಯ.

ಗಾಡಿ ಹೊತ್ತಿಕೊಂಡ ಸುದ್ದಿ ಮಾತ್ರ ನನಗಿಂತ ಮೊದಲೇ ಬೀದಿಗೆ ತಲುಪಿತ್ತು. ಮೂಲೆ ಮನೆಯವರಿಗೆ ಬಾಡಿಗೆ ಮನೆ ಬದಲಾಯಿಸಬೇಕಂತೆ, ಬರೀ ಒಂದು ಬೀರು, ಎರಡು ಮಂಚ. ದೊಡ್ಡಪ್ಪನ ಮಗನಿಗೆ ಒಂದೇ ಒಂದು ಲೋಡ್ ಗೊಬ್ಬರ. ಅದನ್ನು ಗುಜರಿಗೆ ಹಾಕಿ ಅಂತ ವರ್ಷಗಟ್ಟಲೆ ನನಗೆ ಬುದ್ಧಿ ಹೇಳಿದ ಎದುರು ಮನೆಯವರು ಇವತ್ತು ಬೆಳಗ್ಗೆ ಗೇಟಿನ ಹತ್ತಿರ ಬಂದು ನಿಂತರು. ಭಾನುವಾರ ಮಗಳ ಮನೆಗೆ ಸೋಫಾ ಸಾಗಿಸಬೇಕು, ಇಲ್ಲೇ ಆಲೂರು, ಹತ್ತಿರವೇ ಅಂದರು. ಎಫ್‌ಸಿ ಇಲ್ಲ ಅಂದೆ. ಭಾನುವಾರ ಯಾರು ಹಿಡೀತಾರೆ ಅಂದರು. ವೈಪರ್ ಇಲ್ಲ ಅಂದೆ. ಮಳೆ ಬರಲ್ಲ ಬಿಡಿ ಅಂದರು. ನನಗೆ ಹೇಳಲು ಇನ್ನೇನೂ ಉಳಿಯಲಿಲ್ಲ. ಅವರು ಹೊರಟವರು ತಿರುಗಿ ನಿಂತು, "ಡೀಸೆಲ್ ನೀವೇ ಹಾಕಿಸಿರ್ತೀರಲ್ವಾ?" ಅಂದರು.